ಗೋಡೆ ಕೆಡಹುವವನ ಲೆಕ್ಕ

ಮೂವತ್ತಮೂರನೆಯ ವಯಸ್ಸಿಗೆ ನಿವೃತ್ತರಾದವರನ್ನು ನಾನು ಕಂಡದ್ದು ಒಬ್ಬರನ್ನೇ. ನಾನು ಬ್ಯಾಂಕಿನಲ್ಲಿ ಅರವತ್ತು ತುಂಬುವ ತನಕ ಕುರ್ಚಿ ಸವೆಸಿ, ಹಾರ ಹಾಕಿಸಿಕೊಂಡು, ಹಣ್ಣಿನ ಬುಟ್ಟಿ ಹಿಡಿದುಕೊಂಡು ಮನೆಗೆ ಬಂದವನು. ಅವರಿಗೆ ಹಾರವೂ ಇರಲಿಲ್ಲ, ಬುಟ್ಟಿಯೂ ಇರಲಿಲ್ಲ. ಒಂದು ಬೆಳಿಗ್ಗೆ ಬಲ್ಮಠದ ನಮ್ಮ ಕೋಚಿಂಗ್ ಸೆಂಟರಿನ ಮೆಟ್ಟಿಲು ಹತ್ತಿ ಬಂದು, ಕೊಡೆಯನ್ನು ಕಿಟಕಿಯ ಸರಳಿಗೆ ಸಿಕ್ಕಿಸಿ, ನನ್ನ ಎದುರಿನ ಬೆಂಚಿನಲ್ಲಿ ಕುಳಿತು, “ಸರ್, ಇವತ್ತಿನಿಂದ ನಾನು ಸಹ ರಿಟೈರ್ಡ್. ಇನ್ನು ನೀವೂ ನಾನೂ ಒಂದೇ” ಎಂದರು. ಬ್ಯಾಂಕ್ ಅಧಿಕಾರಿ ಹುದ್ದೆಯ ಪರೀಕ್ಷೆಗೆ, ಸಿಗುವ ಸಡಿಲಿಕೆಯನ್ನೆಲ್ಲ ಸೇರಿಸಿದರೂ, ಅವರ ವಯಸ್ಸು ಅಂದಿಗೆ ಮೀರಿತ್ತು. ಇನ್ನು ಅವರು ಆ ಪರೀಕ್ಷೆ ಬರೆಯುವ ಹಾಗಿರಲಿಲ್ಲ. ಬರೆಯುವವರಿಗೆ ಕಲಿಸಬಹುದಿತ್ತು, ಅಷ್ಟೆ.

ಕಳೆದ ತಿಂಗಳು ಸೆಂಟರಿನವರು ಅವರನ್ನು ನಿಜಕ್ಕೂ ಬೀಳ್ಕೊಟ್ಟರು. ಯಜಮಾನರು ನನ್ನ ಕಡೆ ತಿರುಗಿ, ನೀವು ಹಿರಿಯರು, ಎರಡು ಮಾತಾಡಿ ಎಂದರು. ಎದ್ದು ನಿಂತವನು ‘ಸರಳ ಸಜ್ಜನಿಕೆ’, ‘ಕರ್ತವ್ಯನಿಷ್ಠೆ’ ಎಂದೇನೋ ಹೇಳಿ ಕುಳಿತುಬಿಟ್ಟೆ. ಬ್ಯಾಂಕಿನಲ್ಲಿ ವರ್ಗವಾಗಿ ಹೋಗುವ ಪ್ರತಿಯೊಬ್ಬನಿಗೂ, ಹೋದರೆ ಸಾಕು ಎನಿಸಿಕೊಂಡವರಿಗೂ, ನಾವು ಹೇಳುತ್ತಿದ್ದದ್ದು ಇದನ್ನೇ. ಅವರ ಬಗ್ಗೆ ಹೇಳಬೇಕಾದದ್ದು ಬೇರೆಯೇ ಇತ್ತು. ಅದು ಸಮೋಸ ಆರುವುದರೊಳಗೆ ಹೇಳಿ ಮುಗಿಸುವಂಥದ್ದಲ್ಲ.

ನಾವೆಲ್ಲ ಅವರನ್ನು ಕರೆಯುತ್ತಿದ್ದದ್ದು ಟೀಚರ್ ಎಂದು. ಅವರಿಗಿಂತ ಎರಡು ಪಾಲು ವಯಸ್ಸಾದ ನಾನೂ ಟೀಚರ್ ಎಂದೇ ಕರೆಯುತ್ತಿದ್ದೆ. ಕಪ್ಪು ಚೌಕಟ್ಟಿನ ಕನ್ನಡಕ, ಎರಡೂ ಭುಜಕ್ಕೆ ಪಿನ್ ಹಾಕಿದ ದುಪಟ್ಟಾ, ಎಡಗೈ ತುಂಬ ಸೀಮೆಸುಣ್ಣದ ಹುಡಿ. ಬೋರ್ಡನ್ನು ಡಸ್ಟರಿನಲ್ಲಿ ಒರೆಸಿದವರಲ್ಲ. ಅಂಗೈಯಲ್ಲೇ ಒರೆಸಿ, ಅದೇ ಕೈಯಿಂದ ಕನ್ನಡಕ ಮೇಲೆ ಸರಿಸಿಕೊಂಡು, ಪಾಠ ಮುಗಿಯುವಾಗ ಹಿಟ್ಟಿನ ಗಿರಣಿಯಿಂದ ಬಂದವರ ಹಾಗೆ ಕಾಣುತ್ತಿದ್ದರು. ಪಣಂಬೂರು ಕಡೆಯ ಬಸ್ಸಿನಲ್ಲಿ ಬೆಳಿಗ್ಗೆ ಬರುವುದು, ಸಂಜೆ ಐದಕ್ಕೆ ಗಡಿಯಾರ ನೋಡಿ ಎದ್ದು ಓಡುವುದು. ಐದರ ಮೇಲೆ ಅವರನ್ನು ನಿಲ್ಲಿಸಲು ಯಜಮಾನರಿಂದಲೂ ಆಗಲಿಲ್ಲ.

ಅವರಲ್ಲಿ ಒಂದು ವಿಚಿತ್ರ ಅಭ್ಯಾಸವಿತ್ತು. ಏನನ್ನಾದರೂ ಎಲ್ಲಿಯಾದರೂ ಇಟ್ಟರೆ, ಎರಡು ಹೆಜ್ಜೆ ಹೋಗಿ ತಿರುಗಿ ನೋಡುತ್ತಿದ್ದರು. ಬ್ಯಾಗನ್ನು ಮೇಜಿನ ಮೇಲಿಡುವುದು, ಬಾಗಿಲ ತನಕ ಹೋಗುವುದು, ಅದು ಅಲ್ಲೇ ಇದೆಯೇ ಎಂದು ತಿರುಗಿ ನೋಡುವುದು. ಟಿಫಿನ್ ಬಾಕ್ಸಿಗೂ ಅದೇ, ಕೊಡೆಗೂ ಅದೇ. ನಾನು ತಮಾಷೆಗೆ, ನಿಮ್ಮ ಟಿಫಿನ್ ಬಾಕ್ಸಿಗೆ ಕಾಲು ಉಂಟಾ ಟೀಚರ್ ಎಂದು ಕೇಳಿದ್ದೆ. ಅವರು ನಕ್ಕು, ಅಭ್ಯಾಸ ಸರ್ ಎಂದಷ್ಟೇ ಹೇಳಿದ್ದರು. ನಮ್ಮಲ್ಲಿ ಕಳ್ಳರಿದ್ದಾರೆ ಎಂಬ ಸಂಶಯವಿರಬೇಕು ಎಂದುಕೊಂಡು ನಾನು ಸ್ವಲ್ಪ ಬೇಸರಪಟ್ಟುಕೊಂಡದ್ದೂ ಉಂಟು.

ಅವರು ಕಲಿಸುತ್ತಿದ್ದದ್ದು ಗಣಿತ, ನಾನು ಇಂಗ್ಲಿಷ್. ಬ್ಯಾಂಕ್ ಪರೀಕ್ಷೆಗೆ ಬರುವ ಮಕ್ಕಳು ಹೆಚ್ಚು ಹೆದರುವುದು ‘ಕಾಲ ಮತ್ತು ಕೆಲಸ’ ಎಂಬ ಪಾಠಕ್ಕೆ. ಒಂದು ಕೆಲಸವನ್ನು ಎ ಹತ್ತು ದಿನದಲ್ಲಿ ಮಾಡುತ್ತಾನೆ, ಬಿ ಹದಿನೈದು ದಿನದಲ್ಲಿ ಮಾಡುತ್ತಾನೆ, ಇಬ್ಬರೂ ಸೇರಿದರೆ ಎಷ್ಟು ದಿನ? ಇದನ್ನು ಕೇಳಿದರೆ ಬಿ.ಕಾಂ. ಮುಗಿಸಿದ ಮಕ್ಕಳ ಮುಖವೂ ಬಾಡುತ್ತದೆ. ಬೇರೆ ಕಡೆ ಸೂತ್ರ ಕೊಟ್ಟು ಬಾಯಿಪಾಠ ಮಾಡಿಸುತ್ತಾರೆ. ಟೀಚರ್ ಸೂತ್ರ ಕೊಟ್ಟವರಲ್ಲ. ಬೋರ್ಡಿನ ನಡುವೆ ಒಂದು ಚೌಕ ಬರೆದು ಅದರೊಳಗೆ ಮೂವತ್ತು ಎಂದು ಬರೆಯುತ್ತಿದ್ದರು. ಇದು ಒಟ್ಟು ಕೆಲಸ, ಮೂವತ್ತು ಪಾಲು. ಹತ್ತು ದಿನದವನು ದಿನಕ್ಕೆ ಮೂರು ಪಾಲು ಮಾಡುತ್ತಾನೆ, ಹದಿನೈದು ದಿನದವನು ಎರಡು. ಸೇರಿದರೆ ದಿನಕ್ಕೆ ಐದು. ಮೂವತ್ತು ಮುಗಿಯಲು ಆರು ದಿನ. ಇಷ್ಟೇ. ಮಕ್ಕಳು, ಆ ಮೂವತ್ತು ಎಲ್ಲಿಂದ ಬಂತು ಎಂದು ಕೇಳಿಯೇ ಕೇಳುತ್ತಿದ್ದರು. ಅದಕ್ಕೆ ಅವರ ಉತ್ತರ ಪಕ್ಕದ ಕೋಣೆಯಲ್ಲಿದ್ದ ನನಗೂ ಬಾಯಿಗೆ ಬರುವಷ್ಟು ಸಲ ಕೇಳಿದ್ದೇನೆ.

“ನಾನೇ ಇಟ್ಟದ್ದು. ಒಟ್ಟು ಕೆಲಸ ಎಷ್ಟು ಉಂಟು ಅಂತ ಪ್ರಶ್ನೆಯಲ್ಲಿ ಯಾರೂ ಹೇಳುವುದಿಲ್ಲ. ಅದನ್ನು ನಾವೇ ಇಟ್ಟುಕೊಳ್ಬೇಕು. ಸಣ್ಣದು ಇಟ್ಟುಕೊಂಡ್ರೆ ಭಿನ್ನರಾಶಿ ಬರ್ತದೆ, ಮತ್ತೆ ತಲೆನೋವು. ಎಲ್ಲರಿಗೂ ಭಾಗ ಹೋಗುವಷ್ಟು ದೊಡ್ಡದು ಇಟ್ಟುಕೊಳ್ಳಿ.”

ಎ ಮತ್ತು ಬಿ ಅವರಿಗೆ ಬರಿಯ ಅಕ್ಷರಗಳಾಗಿರಲಿಲ್ಲ. ಎ ಮೂರು ದಿನ ಕೆಲಸ ಮಾಡಿ ಬಿಟ್ಟುಹೋದ, ಉಳಿದದ್ದನ್ನು ಬಿ ಎಷ್ಟು ದಿನದಲ್ಲಿ ಮುಗಿಸುತ್ತಾನೆ ಎಂಬ ಲೆಕ್ಕ ಬಂದಾಗ, ಹಿಂದಿನ ಬೆಂಚಿನವನೊಬ್ಬ, ಎ ಯಾಕೆ ಬಿಟ್ಟುಹೋದ ಟೀಚರ್, ಗಲ್ಫಿಗೆ ವೀಸಾ ಬಂತಾ ಎಂದು ಕೇಳಿದ್ದ. ಕ್ಲಾಸಿಡೀ ನಕ್ಕಿತು. ಅವರೂ ನಕ್ಕರು. ಆಮೇಲೆ, ಹೋದವನ ಸುದ್ದಿ ಬೇಡ ಮಾರಾಯ, ಉಳಿದದ್ದು ಎಷ್ಟು, ಇರುವವರು ಯಾರು, ಅಷ್ಟು ನೋಡು ಎಂದರು. ಅವರ ತಾಯಿ ತೀರಿಕೊಂಡು ಆಗಲೇ ಕೆಲವು ವರ್ಷಗಳಾಗಿದ್ದವು, ತಂಗಿ ಮದುವೆಯಾಗಿ ಮಸ್ಕತ್‌ನಲ್ಲಿದ್ದಳು. ಇದು ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ.

ಇನ್ನೊಂದು ಅವರ ಹಟ. ಮನುಷ್ಯರಿಗೆ ಮೈನಸ್ ಹಾಕಬಾರದು. ನೀರಿನ ಟ್ಯಾಂಕಿನ ಲೆಕ್ಕದಲ್ಲಿ ಒಂದು ಪೈಪು ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ಅಲ್ಲಿ ಕಳೆಯಬಹುದು. ಮನುಷ್ಯರಲ್ಲಿ ಎಂಥ ಸೋಮಾರಿಯೂ ಸ್ವಲ್ಪವಾದರೂ ಕೂಡುತ್ತಾನೆಯೇ ಹೊರತು ಕಳೆಯುವುದಿಲ್ಲ ಎಂದು ಅವರ ವಾದ. ಚಹಾ ಕುಡಿಯುವಾಗ ನಾನು ಇದನ್ನು ಒಪ್ಪಲಿಲ್ಲ. ನಮ್ಮ ಶಾಖೆಯಲ್ಲಿ ಒಬ್ಬ ಪುಣ್ಯಾತ್ಮನಿದ್ದ, ಅವನು ರಜೆ ಹಾಕಿದ ದಿನ ಕೆಲಸ ಬೇಗ ಮುಗಿಯುತ್ತಿತ್ತು, ಬಂದ ದಿನ ನಮಗೆಲ್ಲ ಕತ್ತಲಾಗುತ್ತಿತ್ತು, ಅವನಿಗೆ ಏನು ಹಾಕುತ್ತೀರಿ ಎಂದು ಕೇಳಿದೆ. ಟೀಚರ್ ಸ್ವಲ್ಪ ಯೋಚಿಸಿ, ಅವರು ಬೆಳಿಗ್ಗೆ ಬಂದು ಫ್ಯಾನಾದರೂ ಹಾಕುತ್ತಿದ್ದರಲ್ಲ ಸರ್, ಪ್ಲಸ್ಸೇ ಎಂದರು. ಅವನು ಫ್ಯಾನನ್ನೂ ತನ್ನ ತಲೆಯ ಮೇಲಿನದ್ದು ಮಾತ್ರ ಹಾಕಿಕೊಳ್ಳುತ್ತಿದ್ದ ಎಂದು ನಾನು ಹೇಳಲಿಲ್ಲ.

ಆದರೆ ಪರೀಕ್ಷೆಗೆ ಬರುವ ಲೆಕ್ಕಗಳಲ್ಲಿ ಮೈನಸ್ ಮನುಷ್ಯ ಒಬ್ಬನಿದ್ದಾನೆ, ಗೋಡೆ ಕೆಡಹುವವನು. ಒಬ್ಬ ಗೋಡೆಯನ್ನು ಹತ್ತು ದಿನದಲ್ಲಿ ಕಟ್ಟುತ್ತಾನೆ, ಇನ್ನೊಬ್ಬ ಅದೇ ಗೋಡೆಯನ್ನು ಹದಿನೈದು ದಿನದಲ್ಲಿ ಕೆಡಹುತ್ತಾನೆ. ಇಬ್ಬರೂ ಒಟ್ಟಿಗೆ ಶುರುಮಾಡಿದರೆ ಗೋಡೆ ಏಳಲು ಎಷ್ಟು ದಿನ? ಮೂರರಿಂದ ಎರಡು ಕಳೆದರೆ ಒಂದು, ಮೂವತ್ತು ದಿನ. ಕಷ್ಟದ್ದಲ್ಲ. ಆದರೆ ಟೀಚರ್ ಆ ಮಾದರಿಯನ್ನು ಬೋರ್ಡಿನ ಮೇಲೆ ಮಾಡಿಸಿದ್ದನ್ನು ನಾನು ನೋಡಿರಲಿಲ್ಲ. ನೋಟ್ಸಿನಲ್ಲಿ ಉಂಟು, ಮನೆಯಲ್ಲಿ ಓದಿಕೊಳ್ಳಿ ಎಂದು ದಾಟಿಸುತ್ತಿದ್ದರು. ಎಂತ ಟೀಚರ್, ಆ ಕೆಡಹುವವನ ಮೇಲೆ ನಿಮಗೆ ಸಿಟ್ಟಾ ಎಂದು ಕೇಳಿದ್ದಕ್ಕೆ, ಸಿಟ್ಟು ಎಂತಕ್ಕೆ ಸರ್ ಎಂದು ಕೊಡೆ ತೆಗೆದುಕೊಂಡು ಹೊರಟುಹೋದರು. ಗಂಟೆ ಐದಾಗಿತ್ತು.

ಅವರ ಕೈಯಲ್ಲಿ ಕಲಿತವರು ಬ್ಯಾಂಕು ಸೇರುತ್ತಲೇ ಇದ್ದರು. ಆಯ್ಕೆಯಾದವರು ಸಿಹಿಯ ಪೆಟ್ಟಿಗೆ ಹಿಡಿದುಕೊಂಡು ಬಂದು ಮೊದಲು ನಿಲ್ಲುತ್ತಿದ್ದದ್ದು ಟೀಚರ ಎದುರು. ಅವರು ಪ್ರತಿಯೊಬ್ಬರಿಗೂ ಮನಸಾರೆ ಸಂತೋಷಪಟ್ಟು, ಪೆಟ್ಟಿಗೆಯಿಂದ ಒಂದು ಲಡ್ಡು ಕಾಗದದಲ್ಲಿ ಸುತ್ತಿ ಅಪ್ಪನಿಗೆ ಎಂದು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದರು. ಅವರೂ ಪ್ರತಿವರ್ಷ ಅದೇ ಪರೀಕ್ಷೆ ಬರೆಯುತ್ತಿದ್ದರು. ಒಮ್ಮೆ ಮೊದಲ ಸುತ್ತಿನಲ್ಲಿ ಹೋಗುವುದು, ಒಮ್ಮೆ ಎರಡನೆಯದರಲ್ಲಿ, ಯಾವಾಗಲೂ ಕೂದಲೆಳೆಯಲ್ಲಿ. ಬೋರ್ಡಿನ ಎದುರು ಕ್ಷಣದಲ್ಲಿ ಉತ್ತರ ಹೇಳುವವರು ಪರೀಕ್ಷೆಯಲ್ಲಿ ಯಾಕೆ ಹೀಗೆ ಎಂದು ನನಗೆ ಅರ್ಥವಾಗುತ್ತಿರಲಿಲ್ಲ. ನಾನು ನೌಕರಿಗೆ ಸೇರಿದ ಕಾಲದಲ್ಲಿ ಇಂಥ ಗೋಳು ಇರಲಿಲ್ಲ. ಒಂದು ಪರೀಕ್ಷೆ, ಒಂದು ಸಂದರ್ಶನ, ಮುಗಿಯಿತು. ಈಗಿನದ್ದಕ್ಕೆ ಬೇಕಾದದ್ದು ಬುದ್ಧಿ ಮಾತ್ರವಲ್ಲ, ಬಿಡುವು. ಮನೆಯಲ್ಲಿ ಕುಳಿತು ದಿನವಿಡೀ ಅಭ್ಯಾಸ ಮಾಡುವವರಿಗೆ ಅದು ಒಲಿಯುತ್ತದೆ.

ಅವರ ಕೊನೆಯ ಅವಕಾಶದ ವರ್ಷ ಮೊದಲ ಸುತ್ತು ಚೆನ್ನಾಗಿಯೇ ದಾಟಿತು. ಎರಡನೆಯ ಸುತ್ತಿಗೆ ವಾರವಿರುವಾಗ ಒಂದು ಮಧ್ಯಾಹ್ನ ಅವರು ಟಿಫಿನ್ ಬಾಕ್ಸಿನ ಮುಚ್ಚಳ ತೆಗೆಯದೆ ಕುಳಿತಿದ್ದರು. ಕೇಳಿದರೆ ಮೊದಲು ಏನಿಲ್ಲ ಎಂದರು. ಆಮೇಲೆ ಹೇಳಿದರು. ಹಗಲು ಅಪ್ಪನನ್ನು ನೋಡಿಕೊಳ್ಳುತ್ತಿದ್ದ ಹೆಂಗಸು ಬಿಟ್ಟುಹೋಗಿದ್ದಾಳೆ, ಪಾಠದ ದಿನ ನೆರೆಮನೆಯವರು ಆಗಾಗ ಇಣುಕುತ್ತಾರೆ, ಪರೀಕ್ಷೆಯ ದಿನ ಅವರಿಗೂ ಯಾವುದೋ ಮದುವೆ. ನಾನು ಬಂದು ಕೂರುತ್ತೇನೆ ಎಂದೆ. ಅವರು ನನ್ನನ್ನು ಒಂದು ಗಳಿಗೆ ನೋಡಿ, ಸರ್, ಅವರನ್ನು ಸುಮ್ಮನೆ ಬಿಡಬೇಕು, ತಡೆಯಬಾರದು, ನಿಮಗೆ ಆಗುತ್ತದಾ ಎಂದು ಕೇಳಿದರು. ಮೂವತ್ತು ವರ್ಷ ಗಿರಾಕಿಗಳನ್ನು ಸಹಿಸಿದವನು ನಾನು ಎಂದು ಜಂಬ ಕೊಚ್ಚಿಕೊಂಡೆ.

ಪಣಂಬೂರಿನ ಆಚೆ, ಮುಖ್ಯರಸ್ತೆಯಿಂದ ಸ್ವಲ್ಪ ಒಳಗೆ, ಹಂಚಿನ ಮಾಡಿನ ಸಣ್ಣ ಮನೆ, ಮುಂದೆ ಸಿಮೆಂಟು ಹಾಕಿದ ಅಂಗಳ. ಟೀಚರ ತಂದೆ ಬಂದರಿನಲ್ಲಿ ಹಡಗಿನ ಮಾಲು ಇಳಿಸುವ ಗ್ಯಾಂಗಿಗೆ ಮೇಸ್ತ್ರಿಯಾಗಿದ್ದವರು. ಎಪ್ಪತ್ತು ದಾಟಿದ್ದರೂ ಭುಜ ಆಗಲೂ ಬಾಗಿಲಿನಷ್ಟು ಅಗಲ. ಕೆಲವು ವರ್ಷಗಳಿಂದ ಅವರಿಗೆ ಮರೆವಿನ ಕಾಯಿಲೆ. ಹೆಂಡತಿ ಸತ್ತದ್ದು ನೆನಪಿಲ್ಲ, ಮಗಳ ಹೆಸರು ಕೆಲವೊಮ್ಮೆ ನೆನಪಿಲ್ಲ, ಕೆಲಸ ಮಾತ್ರ ನೆನಪಿತ್ತು. ಬೆಳಿಗ್ಗೆ ಎದ್ದು ತಲೆಗೆ ಬೈರಾಸು ಸುತ್ತಿಕೊಂಡು ಬಾಗಿಲಲ್ಲಿ ನಿಂತು “ಕಪ್ಪಲ್ ಬೈದ್ಂಡ್” ಎನ್ನುತ್ತಿದ್ದರು. ತುಳುವಿನಲ್ಲಿ, ಹಡಗು ಬಂದಿದೆ ಎಂದು. ಆ ಹಡಗು ಎಂದರೆ ಮನೆ. ಆಮೇಲೆ ಸಂಜೆಯ ತನಕ ಮನೆಯೊಳಗಿನ ಸಾಮಾನನ್ನೆಲ್ಲ ಒಂದೊಂದಾಗಿ ಎತ್ತಿ ತಂದು ಅಂಗಳದಲ್ಲಿ ಸಾಲಾಗಿ ಜೋಡಿಸುವುದು. ಅಕ್ಕಿಯ ಡಬ್ಬ, ಕುಕ್ಕರು, ಚಾಪೆ, ದಿಂಬು, ಕುರ್ಚಿ, ಮಗಳ ಪುಸ್ತಕ, ದೇವರ ಫೋಟೊ. ಎಲ್ಲ ಇಳಿಸಿ ಆದಮೇಲೆ ಮೇಲೆ ಬೆಡ್‌ಶೀಟು ಹೊದೆಸಿ ನಾಲ್ಕು ಮೂಲೆಗೂ ಕಲ್ಲಿಟ್ಟು, ಬೆವರು ಒರೆಸಿಕೊಂಡು ಕುಳಿತುಕೊಳ್ಳುತ್ತಿದ್ದರು.

ಟೀಚರ್ ಮೊದಲು ಬಾಗಿಲು ಹಾಕಿ ನೋಡಿದ್ದರಂತೆ. ಅಪ್ಪ ಬಾಗಿಲಿಗೆ ಗುದ್ದಿ ಗುದ್ದಿ ಬೆರಳ ಗಂಟು ಒಡೆದುಕೊಂಡರು. ಫಳ್ನೀರಿನ ಡಾಕ್ಟರು ಕೊಟ್ಟ ಮಾತ್ರೆಗೆ ತೂಕಡಿಸಿ ಬಿದ್ದರು. ಅವರು ಯಾರಿಗೂ ಉಪದ್ರ ಕೊಡುತ್ತಿಲ್ಲವಲ್ಲ, ಮಾಡಲಿ ಬಿಡಿ ಎಂದು ಡಾಕ್ಟರೇ ಕೊನೆಗೆ ಹೇಳಿದರಂತೆ. ಇಳಿಸಿದ್ದನ್ನು ಅವರ ಕಣ್ಣೆದುರು ಒಳಗೆ ತಂದರೆ, ಯಾರೋ ಮಾಲು ಕದಿಯುತ್ತಿದ್ದಾರೆ ಎಂದು ಗಾಬರಿಯಾಗಿ ಅಳುತ್ತಿದ್ದರು. ಹಾಗಾಗಿ ಟೀಚರ್ ಸಂಜೆ ಓಡಿಹೋಗಿ, ಗಂಜಿ ಕುಡಿಸಿ, ಅಪ್ಪ ಮಲಗಿದ ಮೇಲೆ ಇಡೀ ಮನೆಯನ್ನು ಅಂಗಳದಿಂದ ಒಳಗೆ ಹೊತ್ತು ಹಾಕುತ್ತಿದ್ದರು. ಮರುದಿನ ಬೆಳಿಗ್ಗೆ ಹಡಗು ಮತ್ತೆ ಬರುತ್ತಿತ್ತು. ಇಟ್ಟದ್ದನ್ನು ತಿರುಗಿ ನೋಡುವ ಅಭ್ಯಾಸ ಎಲ್ಲಿಂದ ಬಂತು ಎಂದು ನನಗೆ ಅಲ್ಲಿ ಗೊತ್ತಾಯಿತು. ಪುಸ್ತಕ ಹಿಡಿದು ಕೂರುವ ಹೊತ್ತಿಗೆ ಅವರ ತೋಳಲ್ಲಿ ಎಷ್ಟು ತ್ರಾಣ ಉಳಿಯುತ್ತಿತ್ತೋ, ದೇವರೇ ಬಲ್ಲ.

ಪರೀಕ್ಷೆಯ ದಿನ ಬೆಳಿಗ್ಗೆ ಟೀಚರ್ ಊರ ಹೊರಗಿನ ಇಂಜಿನಿಯರಿಂಗ್ ಕಾಲೇಜಿಗೆ ಹೊರಟಾಗ, ಮೇಸ್ತ್ರಿಯವರು ಅಕ್ಕಿಯ ಡಬ್ಬವನ್ನು ಬೆನ್ನಿಗೆ ಏರಿಸುತ್ತಿದ್ದರು. ನಾನು ಮುದುಕನಿಗೆ ಪೆಟ್ಟಾಗುತ್ತದೆಂದು ಕೈ ಹಾಕಲು ಹೋದೆ. ಅವರು ಡಬ್ಬವನ್ನು ಇಳಿಸದೆ ನನ್ನನ್ನು ಎಷ್ಟು ಅವಮಾನಗೊಂಡವರ ಹಾಗೆ ನೋಡಿದರೆಂದರೆ, ನಾನು ಹಿಂದೆ ಸರಿದು ಮೆಟ್ಟಿಲ ಮೇಲೆ ಕುಳಿತೆ. ಕೈಯಲ್ಲಿ ಪೆನ್ನೂ ಪೇಪರೂ ಇದ್ದದ್ದರಿಂದ ನನ್ನನ್ನು ಬಂದರಿನ ಕ್ಲಾರ್ಕ್ ಎಂದುಕೊಂಡರು. ಪ್ರತಿಸಲ ಹೊರಗೆ ಬಂದಾಗ ಬರೆದುಕೊಂಡಿರಾ ಎಂಬಂತೆ ನನ್ನತ್ತ ನೋಡುವುದು, ನಾನು ತಲೆಯಾಡಿಸುವುದು, ಅವರು ತೃಪ್ತಿಯಿಂದ ಒಳಗೆ ಹೋಗುವುದು. ಹೀಗೆ ದಿನ ಕಳೆಯಿತು. ಹೇಳಬೇಕೆಂದರೆ, ಅಷ್ಟು ಶ್ರದ್ಧೆಯಿಂದ ಕೆಲಸ ಮಾಡುವವರನ್ನು ನಾನು ಬ್ಯಾಂಕಿನಲ್ಲಿ ನೋಡಿರಲಿಲ್ಲ. ಒಂದು ಲೋಟವನ್ನೂ ಅವರು ಎಸೆಯಲಿಲ್ಲ, ಒಂದು ತಟ್ಟೆಯನ್ನೂ ಒಡೆಯಲಿಲ್ಲ.

ಟೀಚರ್ ಬಂದಾಗ ಬಿಸಿಲು ಇಳಿದಿತ್ತು. ಅಂಗಳದಲ್ಲಿ ಮನೆಯೆಲ್ಲ ಹರಡಿತ್ತು. ಅವರ ಅಪ್ಪ ಇನ್ನೂ ಎಚ್ಚರವಾಗಿದ್ದರಿಂದ ಒಳಗೆ ಸಾಗಿಸುವಂತಿರಲಿಲ್ಲ. ಇಬ್ಬರೂ ಅಂಗಳದಲ್ಲೇ, ಇಳಿಸಿಟ್ಟ ಕುರ್ಚಿಗಳಲ್ಲೇ ಕುಳಿತೆವು. ಕಾಲ ಬುಡದಲ್ಲಿ ಕುಕ್ಕರಿತ್ತು. ಹೇಗಾಯಿತು ಎಂದು ಕೇಳುವ ಧೈರ್ಯ ನನಗೆ ಇರಲಿಲ್ಲ. ಅವರೇ ಹೇಳಿದರು.

“ಗೋಡೆಯದ್ದು ಬಂತು ಸರ್.”

ನಾನು ಕುರ್ಚಿಯನ್ನು ಅವರತ್ತ ತಿರುಗಿಸಿಕೊಂಡೆ.

“ಸುಲಭದ್ದೇ. ಕೂಡಿ ಕಳೆಯುವುದು, ಸಣ್ಣ ಮಕ್ಕಳು ಮಾಡುವ ಲೆಕ್ಕ. ಮೈನಸ್ ಹಾಕ್ಲಿಕ್ಕೆ ಕೈ ಹೋಗ್ಲಿಲ್ಲ. ಅದನ್ನೇ ನೋಡ್ತಾ ಕೂತೆ.”

ಬಿಟ್ಟು ಮುಂದಿನದ್ದಕ್ಕೆ ಹೋಗಬೇಕಿತ್ತು ಟೀಚರ್ ಎಂದೆ. ಮಕ್ಕಳಿಗೆ ನಾನೂ ಅದನ್ನೇ ಹೇಳುವುದು ಸರ್ ಎಂದರು. ಕೊನೆಗೆ ಮೈನಸ್ ಹಾಕಿ ಸರಿಯುತ್ತರವನ್ನೇ ಒತ್ತಿದ್ದರು. ಅಷ್ಟರಲ್ಲಿ ಆ ವಿಭಾಗದ ಸಮಯ ಮುಗಿಯುತ್ತ ಬಂದಿತ್ತು. ಅದರ ಮುಂದೆ ಅವರಿಗೆ ಗೊತ್ತಿದ್ದ ಲೆಕ್ಕಗಳೇ ಇದ್ದವು, ಒಂದನ್ನೂ ಮುಟ್ಟಲಾಗಲಿಲ್ಲ. ಸಮಯ ಮುಗಿದರೆ ಕಂಪ್ಯೂಟರು ತಾನಾಗಿಯೇ ಮುಂದಿನ ವಿಭಾಗಕ್ಕೆ ಹೋಗುತ್ತದೆ, ಹಿಂದೆ ಬರುವ ದಾರಿಯಿಲ್ಲ.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಕೇಳಿದರೆ ಈಗಲೂ ಹೇಳಲಾರೆ. ಒಂದು ಲೆಕ್ಕದಲ್ಲಿ ಕಳೆಯುವುದಕ್ಕೂ ಮನೆಯಲ್ಲಿರುವ ಅಪ್ಪನಿಗೂ ಏನು ಸಂಬಂಧ, ಅದು ಬರಿಯ ಲೆಕ್ಕವಲ್ಲವೇ ಎಂದು ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ. ಅವರಿಗೆ ಬೇಸರವಾಗಲಿಲ್ಲ.

“ಅವರು ಸುಮ್ನೆ ಕೂತವರಲ್ಲ ಸರ್. ಬೆಳಿಗ್ಗೆಯಿಂದ ದುಡಿತಾ ಇದ್ದಾರೆ, ನೋಡಿದ್ರಲ್ಲ? ನಂಗಿಂತ ಜಾಸ್ತಿ ಕೆಲಸ ಅವರದ್ದೇ.”

ಅಷ್ಟರಲ್ಲಿ ಮೇಸ್ತ್ರಿಯವರು ಕೊನೆಯ ದಿಂಬನ್ನು ತಂದು ಸಾಲಿನಲ್ಲಿಟ್ಟು, ಬೈರಾಸಿನಲ್ಲಿ ಮುಖ ಒರೆಸಿಕೊಂಡು ಮಗಳ ಮುಂದೆ ನಿಂತರು. ಅಂದು ಅವರಿಗೆ ಅವಳ ಗುರುತು ಇತ್ತೆಂದು ಕಾಣುತ್ತದೆ. “ಮಗಾ, ಬೇಲೆ ಆಂಡಾ?” ಎಂದು ಕೇಳಿದರು. ಕೆಲಸ ಮುಗಿಯಿತಾ ಎಂದು. ಟೀಚರ್ ಅವರ ಮುಖ ನೋಡಿ, “ಆಂಡ್ ಅಪ್ಪಾ” ಎಂದರು. ಮುಗಿಯಿತು ಎಂದು. ಮುದುಕರು ಸಂತೋಷದಿಂದ ಗಂಜಿ ಕುಡಿಯಲು ಕುಳಿತರು.

ಫಲಿತಾಂಶ ಬಂದಾಗ ಒಂದೇ ಒಂದು ಪ್ರಶ್ನೆಯ ಅಂತರದಲ್ಲಿ ಹೋಗಿತ್ತು. ಎಂಟನೆಯ ಕ್ಲಾಸಿನ ಮಕ್ಕಳೂ ಮಾಡುವಂಥ ಒಂದು ಲೆಕ್ಕ ಹೆಚ್ಚಾಗಿದ್ದರೆ ಅವರು ಇವತ್ತು ಯಾವುದೋ ಶಾಖೆಯಲ್ಲಿ ಅಧಿಕಾರಿ. ಸೆಂಟರಿನಲ್ಲಿ ಯಾರೂ ಅವರ ಮುಂದೆ ಆ ಮಾತೆತ್ತಲಿಲ್ಲ. ಅವರ ಬ್ಯಾಚಿನಿಂದ ಆ ಸಲ ಆಯ್ಕೆಯಾದ ಹುಡುಗಿ ಸಿಹಿ ತರಲು ಹಿಂಜರಿದು, ವಾರ ಕಳೆದು ತಂದಳು. ಟೀಚರ್ ಅವಳನ್ನೇ ಸಮಾಧಾನ ಮಾಡಬೇಕಾಯಿತು. ಯಾವತ್ತಿನಂತೆ ಒಂದು ಲಡ್ಡು ಅಪ್ಪನಿಗೆ ಸುತ್ತಿಕೊಂಡರು. ಸ್ವಲ್ಪ ದಿನದಲ್ಲೇ ಅವರ ಹುಟ್ಟಿದ ದಿನ ದಾಟಿತು, ನಾನು ಮೊದಲು ಹೇಳಿದ ನಿವೃತ್ತಿಯಾಯಿತು.

ಆ ವರ್ಷದ ಹೊಸ ಬ್ಯಾಚಿಗೆ ಅವರು ಗೋಡೆಯ ಲೆಕ್ಕವನ್ನು ಮೊದಲ ಸಲ ಬೋರ್ಡಿನ ಮೇಲೆ ಮಾಡಿದರು. ನಾನು ಪಕ್ಕದ ಕೋಣೆಯಲ್ಲಿ ಪಾಠ ನಿಲ್ಲಿಸಿ ಕೇಳುತ್ತಿದ್ದೆ. ಚೌಕದೊಳಗೆ ಮೂವತ್ತು ಬರೆದ ಸದ್ದು, ಕಟ್ಟುವವನು ದಿನಕ್ಕೆ ಮೂರು, ಕೆಡಹುವವನು ದಿನಕ್ಕೆ ಎರಡು. ಒಬ್ಬ ಹುಡುಗಿ ಮೈನಸ್ ಎಂದಳು. ಸೀಮೆಸುಣ್ಣ ಬೋರ್ಡಿನ ಮೇಲೆ ಒಂದು ಗೆರೆ ಎಳೆದ ಸದ್ದು ಕೇಳಿತು, ಆಮೇಲೆ ಟೀಚರ ದನಿ.

“ಹಾಂ, ಮೈನಸ್ ಹಾಕಿ. ಪರೀಕ್ಷೆಯಲ್ಲಿ ಹಾಕ್ಲೇಬೇಕು, ಯೋಚನೆ ಮಾಡ್ಲಿಕ್ಕೆ ಹೋಗ್ಬೇಡಿ, ಟೈಮ್ ಹೋಗ್ತದೆ. ಆದ್ರೆ ಗೊತ್ತಿರ್ಲಿ, ಅವನೂ ಬೆಳಿಗ್ಗೆ ಎದ್ದು ಕೆಲಸಕ್ಕೆ ಬಂದವನೇ.”

ಮಕ್ಕಳಿಗೆ ಅರ್ಥವಾದದ್ದು ಮೊದಲ ಮಾತು ಮಾತ್ರ. ಅವರಿಗೆ ಬೇಕಾದದ್ದೂ ಅಷ್ಟೇ.

ಆಮೇಲೆ ಯಜಮಾನರು ಒಂದು ಕ್ಯಾಮೆರಾ ತರಿಸಿ ಟೀಚರ ಪಾಠಗಳನ್ನೆಲ್ಲ ರೆಕಾರ್ಡ್ ಮಾಡಿಸಿದರು. ಅವರು ಖುಷಿಯಿಂದಲೇ ನಿಂತು ಕಲಿಸಿದರು. ತನ್ನ ಬದಲಿಗೆ ತನ್ನನ್ನೇ ತಯಾರು ಮಾಡಿಕೊಡುತ್ತಿದ್ದೇನೆ ಎಂದು ಅವರಿಗೆ ಹೊಳೆಯಲಿಲ್ಲವೋ, ಹೊಳೆದರೂ ಸುಮ್ಮನಿದ್ದರೋ. ಈಗ ಮಕ್ಕಳು ಫೋನಿನಲ್ಲಿ ಪಾಠ ನೋಡುತ್ತಾರೆ, ಕ್ಲಾಸಿಗೆ ಬರುವವರು ಬೆರಳೆಣಿಕೆ. ಈ ಬೇಸಿಗೆಯಲ್ಲಿ ಅವರ ತಂದೆ ತೀರಿಕೊಂಡರು. ಮಲಗಿದಲ್ಲೇ ಹೋದರಂತೆ, ಬೆಳಿಗ್ಗೆ ಹಡಗು ಬರುವ ಮೊದಲು. ಉತ್ತರಕ್ರಿಯೆಯ ಬೊಜ್ಜಕ್ಕೆ ನನಗೆ ಹೋಗಲಾಗಲಿಲ್ಲ, ಬೆನ್ನುನೋವು. ಕಳೆದ ತಿಂಗಳು, ಮೊದಲೇ ಹೇಳಿದೆನಲ್ಲ, ಬೀಳ್ಕೊಡುಗೆಯೂ ಆಯಿತು. ಶಾಲು, ಸಮೋಸ, ನನ್ನ ಎರಡು ಸತ್ತ ಮಾತು. ಎದೆಯಲ್ಲಿ ಕುಟುಕುತ್ತಿದ್ದದ್ದರಿಂದ ಕಳೆದ ವಾರ ಅವರ ಮನೆಗೆ ಹೋದೆ.

ಅಂಗಳ ಖಾಲಿಯಾಗಿತ್ತು. ನಾನು ಆ ಅಂಗಳವನ್ನು ಸಂಜೆ ಹೊತ್ತು ಖಾಲಿ ನೋಡಿದ್ದು ಅದೇ ಮೊದಲು. ಒಳಗೆ ಅಕ್ಕಿಯ ಡಬ್ಬ ಮೂಲೆಯಲ್ಲಿತ್ತು, ಚಾಪೆಗಳು ಸುತ್ತಿ ನಿಲ್ಲಿಸಿದ್ದವು, ದೇವರ ಫೋಟೊ ಮೊಳೆಯಲ್ಲಿತ್ತು, ಪಕ್ಕದಲ್ಲಿ ಅಪ್ಪನದ್ದು. ಟೀಚರ್ ಚಹಾ ತಂದು ಕೊಟ್ಟು ಎದುರು ಕುಳಿತರು. ಫಳ್ನೀರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಟೋಕನ್ ಕೊಡುವ ಕೆಲಸಕ್ಕೆ ಕೇಳಿಕೊಂಡು ಹೋಗಿದ್ದರಂತೆ. ಮೂವತ್ತರ ಒಳಗಿನವರು ಬೇಕು ಎಂದರಂತೆ. ತಂಗಿ ಮಸ್ಕತ್‌ಗೆ ಬಾ ಎನ್ನುತ್ತಾಳೆ, ಅಲ್ಲಿ ಎಂತ ಮಾಡುವುದು ಎಂದರು. ಬೇರೆ ಪರೀಕ್ಷೆ ಉಂಟಲ್ಲ ಎಂದು ಶುರುಮಾಡಿ, ಅವರ ಮುಖ ನೋಡಿ ನಿಲ್ಲಿಸಿದೆ. ಏನಾದರೂ ಹೇಳಬೇಕಲ್ಲ ಎಂದು, ಮನೆ ಈಗ ಅಚ್ಚುಕಟ್ಟಾಗಿದೆ ಟೀಚರ್ ಎಂದುಬಿಟ್ಟೆ.

“ಹೌದು ಸರ್. ನಿನ್ನೆ ಇಟ್ಟದ್ದು ಇಟ್ಟಲ್ಲೇ ಉಂಟು. ಮೊನ್ನೆ ಇಟ್ಟದ್ದು ಸಹ.”

ಹಾಗೆಂದು ಅವರು ಮೂಲೆಯ ಡಬ್ಬದ ಕಡೆಗೆ ನೋಡಿದರು, ತಿರುಗಿ ಇನ್ನೊಮ್ಮೆ ನೋಡಿದರು. ಅವರು ಅಳಲಿಲ್ಲ. ಅತ್ತಿದ್ದರೆ ನನಗೆ ಸ್ವಲ್ಪ ಸುಲಭವಾಗುತ್ತಿತ್ತು.

ಗಂಟೆ ಆರಾಗುತ್ತ ಬಂದಂತೆ ಅವರು ಎರಡು ಸಲ ಎದ್ದು ಬಾಗಿಲಿಗೆ ಹೋಗಿ ಅಂಗಳ ನೋಡಿ ಬಂದು ಕುಳಿತರು. ಅಷ್ಟು ವರ್ಷ ಪ್ರತಿರಾತ್ರಿ ಒಂದು ಮನೆಯನ್ನು ಹೊತ್ತ ಕೈಗಳು ಮಡಿಲಲ್ಲಿ ಸುಮ್ಮನೆ ಇದ್ದವು. ನಾನು ಹೊರಡುವಾಗ ಏಕೆ ಹಾಗೆ ಮಾಡಿದೆನೋ ನನಗೇ ತಿಳಿಯದು. ನಾನು ಕುಳಿತಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎತ್ತಿಕೊಂಡು ಹೋಗಿ, ಮೇಸ್ತ್ರಿಯವರು ಸಾಲು ಶುರುಮಾಡುತ್ತಿದ್ದ ಜಾಗದಲ್ಲಿ, ಅಂಗಳದ ನಡುವೆ ಇಟ್ಟು ಗೇಟಿನ ಕಡೆಗೆ ನಡೆದೆ. ಟೀಚರ್ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

ರಸ್ತೆಯ ತಿರುವಿನಲ್ಲಿ ತಿರುಗಿ ನೋಡಿದೆ. ಅವರು ಅಂಗಳಕ್ಕೆ ಇಳಿದು ಬಂದು ಕುರ್ಚಿಯನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಒಳಗೆ ಹೋಗುತ್ತಿದ್ದರು. ಒಂದೇ ಕುರ್ಚಿಯಲ್ಲವೇ, ಒಂದು ಸಲಕ್ಕೆ ಕೆಲಸ ಮುಗಿಯಿತು. ಮತ್ತೆ ಖಾಲಿ ಕೈಯಲ್ಲಿ ಹೊರಗೆ ಬಂದು, ಇನ್ನೇನಾದರೂ ಉಳಿದಿದೆಯೇ ಎಂದು ಅಂಗಳವನ್ನು ನೋಡುತ್ತ ನಿಂತರು.